ಯಾರಿಗೂ ಗೊತ್ತಾಗದ ತುಟಿ

ಅಕ್ಕ ಚರ್ಮದ ಡಾಕ್ಟರು, ತಂಗಿ ವಾದ್ಯವೃಂದದಲ್ಲಿ ಫ್ಲೂಟ್ ನುಡಿಸುವವಳು. ಅಕ್ಕ ಸ್ವಂತ ಕ್ಲಿನಿಕ್ ತೆರೆದಾಗ ಮೊದಲು ಹಿಡಿದು ಕೂರಿಸಿದ್ದೇ ತಂಗಿಯನ್ನು. ಮನೆಯವರೆಲ್ಲ ಪುಟ್ಟಿ ಎಂದು ಕರೆಯುವ ಆ ತಂಗಿಗೆ ಮೂವತ್ತು ದಾಟಿತ್ತು. ಆದರೂ ಅಕ್ಕನ ಮಾತಿಗೆ ಎದುರಾಡಿ ಗೊತ್ತಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದಾಗ ಅವಳಿಗೆ ಜಡೆ ಹಾಕಿದವಳೂ, ಮೊದಲ ಫ್ಲೂಟ್ ಕೊಡಿಸಿದವಳೂ ಅಕ್ಕನೇ.

“ನಿನ್ನ ಮೇಲ್ದುಟಿ ಪೆನ್ಸಿಲಲ್ಲಿ ಗೆರೆ ಎಳೆದ ಹಾಗಿದೆ ಕಣೇ. ಚೂರೇ ಚೂರು ಫಿಲ್ಲರ್ ಹಾಕಿ ತುಂಬಿಸ್ತೀನಿ. ಅಮ್ಮನಿಗೂ ಗೊತ್ತಾಗ್ಬಾರ್ದು, ಹಾಗೆ.”

“ಊದೋಕೆ ತೊಂದ್ರೆ ಆಗಲ್ವಾ ಅಕ್ಕಾ?”

“ಹನಿಯಷ್ಟು ಜೆಲ್‌ಗೆ ಏನೇ ಆಗುತ್ತೆ? ಊತ ಇಳಿದ್ರೆ ಮುಗೀತು.”

ಅಕ್ಕನ ಕೈ ಹದವಾದ ಕೈ. ಮರಗಟ್ಟಿಸುವ ಮುಲಾಮು ಹಚ್ಚುವ ಮುಂಚೆ ಪುಟ್ಟಿಯನ್ನು ನಗಿಸಿದಳು, ಮಾತಾಡಿಸಿದಳು, ಎರಡೂ ಮಗ್ಗುಲಿನಿಂದ ನೋಡಿದಳು. ತುಟಿಯ ಅಂಚನ್ನು ಮುಟ್ಟದೆ ನಡುವೆ ಇಷ್ಟಿಷ್ಟೇ ತುಂಬುತ್ತ, ಮೇಲ್ದುಟಿ ಕೆಳದುಟಿಯನ್ನು ಮೀರದಂತೆ ನೋಡಿಕೊಂಡಳು. “ಕೆಲವರ ತುಟಿ ಅವರಿಗಿಂತ ಮೊದಲೇ ಬಾಗಿಲು ದಾಟಿ ಒಳಗೆ ಬರುತ್ತೆ. ನನ್ನ ಕೈಯಲ್ಲಿ ಹಾಗಾಗಲ್ಲ” ಎಂದು ನಕ್ಕಳು.

ಹಾಗೆ ಆಗಲೂ ಇಲ್ಲ. ಊತ ಇಳಿದ ಮೇಲೆ ಅಮ್ಮ, “ಈಗೀಗ ಚೆನ್ನಾಗಿ ನಿದ್ದೆ ಮಾಡ್ತಿದೀಯ ಅನ್ಸುತ್ತೆ” ಎಂದಳು. ಪಕ್ಕದ ಮನೆಯಾಕೆ ಹೊಸ ಕಿವಿಯೋಲೆಯೇ ಎಂದು ಕೇಳಿದಳು. ಯಾರಿಗೂ ಇಂಥದ್ದೇ ಎಂದು ತಿಳಿಯಲಿಲ್ಲ. ಅಕ್ಕ ಹಿರಿಹಿರಿ ಹಿಗ್ಗಿ ತಂಗಿಯ ಫೋಟೋವನ್ನು ದೊಡ್ಡದು ಮಾಡಿಸಿ ಕ್ಲಿನಿಕ್ಕಿನ ಗೋಡೆಗೆ ಹಾಕಿದಳು.

ತಿಳಿದಿದ್ದು ಫ್ಲೂಟಿಗೆ ಮಾತ್ರ. ಊದುವವರ ತುಟಿಗಳ ನಡುವಿನ ಕಿಂಡಿ ಅಕ್ಕಿಕಾಳಿಗಿಂತ ಸಣ್ಣದು. ಉಸಿರನ್ನು ಗುರಿಯಿಟ್ಟು ತೂತಿನ ಅಂಚಿಗೆ ಕಳಿಸುವುದು ಮೇಲ್ದುಟಿಯ ಕೆಲಸ. ಈಗ ಆ ತುಟಿ ಕೈಗೆ ಸಿಗದ ಮಗುವಿನಂತೆ ಜಾರಿಕೊಳ್ಳುತ್ತಿತ್ತು. ಮೇಲಿನ ಸ್ವರಗಳು ಸೀಟಿ ಹೊಡೆದವು. ಕೆಳಗಿನ ಸ್ವರಗಳಲ್ಲಿ ಬರೀ ಗಾಳಿ ಬುಸುಗುಟ್ಟಿತು. ವಾರಗಟ್ಟಲೆ ಕಾದಳು, ದವಡೆ ನೋಯುವವರೆಗೆ ಅಭ್ಯಾಸ ಮಾಡಿದಳು. ಏನೂ ಪ್ರಯೋಜನವಾಗಲಿಲ್ಲ.

ವಾದ್ಯವೃಂದದ ನಿರ್ದೇಶಕರು ಒಂದು ದಿನ ಪಕ್ಕಕ್ಕೆ ಕರೆದರು. “ಏನಮ್ಮಾ, ಮನೇಲಿ ಎಲ್ಲಾ ಸರಿಯಾಗಿದೆ ತಾನೇ?”

“ಹೂಂ ಸಾರ್.”

ತುಟಿಗೆ ಜೆಲ್ ತುಂಬಿಸಿಕೊಂಡೆ ಎಂದು ಅವರ ಮುಂದೆ ಯಾವ ಬಾಯಲ್ಲಿ ಹೇಳುವುದು? ಅವಳು ಒಂಟಿಯಾಗಿ ನುಡಿಸುತ್ತಿದ್ದ ಭಾಗ ಪಕ್ಕದ ಕುರ್ಚಿಯವಳ ಪಾಲಾಯಿತು.

ತುಂಬಿದ ಜೆಲ್ ಕರಗಿಸಿಬಿಡು ಎಂದು ಅಕ್ಕನಿಗೆ ಫೋನ್ ಮಾಡಿದರೆ, “ಎಲ್ಲಾ ನಿನ್ನ ತಲೇಲಿದೆ, ತುಟೀಲಲ್ಲ. ಅಂಥ ಕೆಲಸಾನ ಕರಗಿಸು ಅಂತೀಯಲ್ಲೇ!” ಎಂಬ ಉತ್ತರ. ಕದ್ದು ಬೇರೊಬ್ಬ ಡಾಕ್ಟರ ಬಳಿ ಹೋದಳು. ಅವರು ದೀಪ ಹಿಡಿದು, ಬೆರಳಿನಿಂದ ಒತ್ತಿ ನೋಡಿ ತಲೆದೂಗಿದರು. “ಯಾರು ಮಾಡಿದ್ದು ಇದು? ನೀವು ಹೇಳದಿದ್ರೆ ನನಗೇ ಗೊತ್ತಾಗ್ತಿರಲಿಲ್ಲ. ಇದರಿಂದ ತೊಂದರೆ ಆಗೋ ಮಾತೇ ಇಲ್ಲ. ಸ್ವಲ್ಪ ವಿಶ್ರಾಂತಿ ತಗೊಳ್ಳಿ.”

ಪುಟ್ಟಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಎದ್ದು ಕಾಣುವ ಹಾಗೆ ಕೆಟ್ಟಿದ್ದರೆ ಎಲ್ಲರೂ ಅಯ್ಯೋ ಅನ್ನುತ್ತಿದ್ದರು. ಇಷ್ಟು ಚೆನ್ನಾಗಿದ್ದುದರಿಂದ ಅವಳ ಮಾತನ್ನು ನಂಬುವವರೇ ಇರಲಿಲ್ಲ. ಎದುರಿನ ಅಂಗಡಿಯ ಗಾಜಿನಲ್ಲಿ ಅವಳ ಮುಖ ಮುದ್ದಾಗಿ ಕಾಣುತ್ತಿತ್ತು.

ಮಾರನೆಯ ದಿನ ಫ್ಲೂಟ್ ಪೆಟ್ಟಿಗೆ ಹಿಡಿದು ನೇರ ಅಕ್ಕನ ಕ್ಲಿನಿಕ್ಕಿಗೆ ನುಗ್ಗಿದಳು. ಒಳಗೆ ಹೊಸ ಗಿರಾಕಿಯೊಬ್ಬಳು ಕುಳಿತಿದ್ದಳು.

“ಬಾರೇ, ಸರಿಯಾದ ಹೊತ್ತಿಗೆ ಬಂದೆ!” ಅಕ್ಕ ಪುಟ್ಟಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. “ನನ್ನ ತಂಗಿ. ಎಲ್ಲಾದ್ರೂ ಗೊತ್ತಾಗುತ್ತಾ ಹೇಳಿ. ಸ್ವಲ್ಪ ನಗು ಪುಟ್ಟೀ.”

ಪುಟ್ಟಿ ನಕ್ಕಳು. ಗಿರಾಕಿ ಮೂಗಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, “ನನಗೂ ಹೀಗೇ ಇರ್ಲಿ” ಎಂದು ಹೇಳಿ ಹೋದಳು.

ಬಾಗಿಲು ಮುಚ್ಚಿದ್ದೇ ತಡ, ಪುಟ್ಟಿ ಫ್ಲೂಟ್ ಜೋಡಿಸಿದಳು. ಚಿಕ್ಕಂದಿನಲ್ಲಿ ಅಕ್ಕ ಪರೀಕ್ಷೆಗೆ ಓದುವಾಗ ಪದೇ ಪದೇ ನುಡಿಸು ಎಂದು ಕೇಳುತ್ತಿದ್ದ ಧಾಟಿಯನ್ನೇ ಊದಿದಳು. ನಾಲ್ಕಾರು ಸ್ವರ ದಾಟುವುದರೊಳಗೆ ಧಾಟಿ ಹರಿದು ಚಿಂದಿಯಾಯಿತು. ಅಕ್ಕನ ಮುಖದ ನಗು ಇಳಿಯಿತು.

“ಇನ್ನೊಂದ್ಸಲ ಊದು.”

ಊದಿದಳು. ಅಕ್ಕ ಹತ್ತಿರ ಬಂದು ಊದುತ್ತಿದ್ದ ತುಟಿಯನ್ನೇ ನೋಡಿದಳು, ಆಮೇಲೆ ನಡುವಿನ ಮೆತ್ತಗಿನ ಉಬ್ಬನ್ನು ಬೆರಳಿನಿಂದ ಮುಟ್ಟಿದಳು.

“ನಗಿಸಿ ನೋಡ್ದೆ, ಮಾತಾಡ್ಸಿ ನೋಡ್ದೆ. ಊದಿಸಿ ನೋಡ್ಲೇ ಇಲ್ಲ ಕಣೇ ನಾನು.”

“ಕರಗಿಸಕ್ಕಾ.”

“ಬರೋರೆಲ್ಲ ನಿನ್ನ ಫೋಟೋ ನೋಡೇ ಬರ್ತಾರೆ...”

“ಫೋಟೋ ನೀನೇ ಇಟ್ಕೋ. ಬಾಯಿ ನನಗೆ ವಾಪಸ್ ಕೊಡು.”

ಅಕ್ಕನ ಕಣ್ಣು ತುಂಬಿತು. ಜೆಲ್ ಕರಗಿಸುವ ಔಷಧಿ ಮೈಗೆ ಒಗ್ಗುತ್ತದೆಯೇ ಎಂದು ಮೊದಲು ತೋಳಿನಲ್ಲಿ ಪರೀಕ್ಷಿಸಿ, ಆಮೇಲೆ ತುಟಿಗೆ ಚುಚ್ಚಿದಳು. ತುಂಬುವಾಗ ಇಲ್ಲದ ಉರಿ ಈಗ ಇತ್ತು.

ತುಟಿ ಮತ್ತೆ ತೆಳುವಾಯಿತು. “ಯಾಕೇ ಸೊರಗಿದೀಯ?” ಎಂದು ಅಮ್ಮ ಕೇಳಿದಳು. ನಾದ ಮಾತ್ರ ಕರೆದ ಕೂಡಲೇ ಬರಲಿಲ್ಲ. ಉಬ್ಬಿದ ತುಟಿಯೊಡನೆ ಗುದ್ದಾಡುತ್ತ ಕಲಿತ ಬಿಗಿತ ದವಡೆಯಲ್ಲಿ ಉಳಿದುಬಿಟ್ಟಿತ್ತು. ಈಗ ಅದನ್ನು ಮರೆಯಬೇಕಾಗಿತ್ತು. ಪಕ್ಕದ ಕುರ್ಚಿಯವಳೂ ಚೆನ್ನಾಗಿಯೇ ನುಡಿಸುತ್ತಿದ್ದಳು. ನಿರ್ದೇಶಕರು ಜಾಗ ಬದಲಿಸಲಿಲ್ಲ.

ಪುಟ್ಟಿ ಈಗ ಫ್ಲೂಟಿನವರ ಸಾಲಿನಲ್ಲಿ ಎರಡನೆಯವಳಾಗಿ ಕೂರುತ್ತಾಳೆ. ಕೆಳಗಿನ ಸ್ವರ ಕೆಲವು ದಿನ ತುಂಬಿ ಬರುತ್ತದೆ, ಕೆಲವು ದಿನ ಬರೀ ಗಾಳಿ. ಅದು ತುಟಿಯ ದೋಷವೋ, ಮನಸ್ಸಿನ ಅಂಜಿಕೆಯೋ ಅವಳಿಗೆ ತಿಳಿಯದು. ತನ್ನ ಸರದಿ ಹತ್ತಿರವಾದಾಗಲೆಲ್ಲ ಉಸಿರೆಳೆದುಕೊಂಡು, ಇವತ್ತು ಯಾವುದು ಬರುತ್ತದೋ ಎಂದು ಕಾಯುತ್ತಾಳೆ.