ಮೂರು ಇಂಚು ಕಮ್ಮಿಯ ಟೇಪು

ಅಣ್ಣ ಐದನೇ ನಕ್ಷೆಯನ್ನು ತಂದು ಹಾಸಿದ್ದು ತಂಗಿಯ ಹೊಲಿಗೆ ಮೇಜಿನ ಮೇಲೆ. ಅಲ್ಲಿ ಶಾಲೆ ಮಕ್ಕಳ ಹದಿನಾಲ್ಕು ಅಂಗಿಗಳ ಬಟ್ಟೆ ಗುರುತು ಹಾಕಿಸಿಕೊಂಡು ಕತ್ತರಿಗೆ ಕಾದಿತ್ತು. ಉಂಡು ಮುಗಿಸಿದ ತಟ್ಟೆಯನ್ನು ಸರಿಸುವಂತೆ ಅವನು ಅದನ್ನು ಮೊಣಕೈಯಿಂದ ಆಚೆ ತಳ್ಳಿದ. ಮಡಿಕೆ ಜಾರಿತು, ಸೀಮೆಸುಣ್ಣದ ಗೆರೆಗಳು ಒಂದಕ್ಕೊಂದು ಉಜ್ಜಿ ಮಸುಕಾದವು. ಅರ್ಧ ದಿನದ ಕೆಲಸ ಹಾಳಾಯಿತು.

"ಸೂಜಿ, ಬಾ ನೋಡು. ಇದೇ ಕೊನೇದು. ಇನ್ನು ತಿದ್ದೋ ಮಾತೇ ಇಲ್ಲ."

ಸೂಜಿ ಅನ್ನುವುದು ಅವನೇ ಇಟ್ಟ ಹೆಸರು. ಸಣಕಲು ಮೈ, ಹೊಲಿಗೆಯ ಕೆಲಸ, ಎರಡನ್ನೂ ಒಂದೇ ಮಾತಲ್ಲಿ ಆಡಿಕೊಂಡಂತಾಯಿತು ಎಂದು ಆಗ ಬಹಳ ನಕ್ಕಿದ್ದ. ಸೂಜಿಗೆ ಮೊನೆಯೂ ಇರುತ್ತದೆ ಎನ್ನುವುದು ಅವನ ನೆನಪಿಗೆ ಬಂದಿರಲಿಲ್ಲ.

ಅವಳು ಬಗ್ಗಿ ನೋಡಿದಳು. ಮನೆಯ ಹಿಂದಿನ ಖಾಲಿ ಜಾಗದಲ್ಲಿ ಕಟ್ಟಬೇಕಾದ ಹೊಸ ಭಾಗ ಅದು. ಒಂದು ತುದಿಗೆ ಅಣ್ಣ ಅತ್ತಿಗೆಯರ ಕೋಣೆ, ಇನ್ನೊಂದು ತುದಿಗೆ ತಾರಸಿಗೆ ಹತ್ತುವ ಮೆಟ್ಟಿಲು. ನಡುವಿನ ಕೋಣೆ ಮಾತ್ರ ಅವಳದು. ಮೊದಲ ನಕ್ಷೆಯಲ್ಲಿ ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಹೊಲಿಗೆ ಕೋಣೆ' ಎಂದು ಬರೆದಿತ್ತು. ಉತ್ತರಕ್ಕೆ ಅಗಲವಾದ ಕಿಟಕಿ ಇತ್ತು. ಆ ಎರಡು ಪದಗಳನ್ನು ನೋಡಿಯೇ ಅವಳು ಒಂಬತ್ತು ವರ್ಷ ಹೊಲಿದು ಕೂಡಿಟ್ಟ ಹಣವನ್ನೆಲ್ಲ ಕೊಡುತ್ತೇನೆಂದು ಒಪ್ಪಿದ್ದು. ಒಟ್ಟು ಖರ್ಚನ್ನು ಮೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಅವಳದು.

ಎರಡನೇ ನಕ್ಷೆಯಲ್ಲಿ ಕಿಟಕಿ ಕಿರಿದಾಯಿತು, ಮರದ ಬೆಲೆ ಏರಿದೆ ಎಂದರು. ಮೂರನೆಯದರಲ್ಲಿ 'ಹೊಲಿಗೆ ಮತ್ತು ಮಕ್ಕಳ ಓದು' ಎಂದಾಯಿತು. ನಾಲ್ಕನೆಯದರಲ್ಲಿ ಬರೀ 'ಕೋಣೆ'. ಈಗ ಐದನೆಯದರಲ್ಲಿ, ಅದೇ ಜಾಗದಲ್ಲಿ, 'ಅತಿಥಿ ಕೋಣೆ' ಎಂದಿತ್ತು. ಪಕ್ಕಕ್ಕೆ ಅಂಟಿಕೊಂಡು ಐದಡಿಯ ಬಚ್ಚಲು. ಕಿಟಕಿ ಮತ್ತೆ ಅಗಲವಾಗಿತ್ತು.

"ನಂದು ಎಲ್ಲಿ?" ಎಂದಳು. ದನಿ ಸಣ್ಣದಾಗಿತ್ತು.

ಅಣ್ಣ ಪೆನ್ಸಿಲ್ಲಿನ ತುದಿಯಿಂದ ಮೆಟ್ಟಿಲ ಕೆಳಗೆ ತಟ್ಟಿದ. "ಇಲ್ಲಿ. ಮಿಷನ್ನಿಗೆ ಹೇಳಿ ಮಾಡಿಸಿದ ಜಾಗ. ನೀನಂತೂ ಕೂತೇ ಕೆಲಸ ಮಾಡೋಳು, ತಲೆ ಬಡಿಯಲ್ಲ."

"ಅತಿಥಿ ಅಂದ್ರೆ ಯಾರು?"

"ಯಾರಾದ್ರೂ ಬರ್ತಾರೆ. ನಮ್ಮ ಸಾಹೇಬರನ್ನ ಒಂದು ದಿನ ಕರೀಬೇಕು ಅಂತಿದೀನಿ. ಈ ಮನೆಗೆ ಕರೆಯೋಕಾಗುತ್ತಾ?"

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಪ್ಪು ಬಿಡಿಸುತ್ತಿದ್ದಳು. "ನಮ್ಮನೆಗೆ ಬರೋರು ನೀರಿನ ಮೀಟರ್ ಓದೋರು ಒಬ್ರೇ," ಎಂದಳು ಸೊಪ್ಪಿನ ಕಡೆಗೇ ನೋಡುತ್ತ. "ಅವರೂ ಚಪ್ಪಲಿ ಬಿಚ್ಚಲ್ಲ."

"ನಿನ್ನ ಕೇಳಿದ್ನಾ?" ಎಂದ ಅಣ್ಣ.

ಅಮ್ಮ ತಂಗಿಯ ಬೆನ್ನ ಮೇಲೆ ಕೈಯಿಟ್ಟಳು. "ಹೋಗ್ಲಿ ಬಿಡೇ. ನೀನು ಎಷ್ಟು ದಿನ ಅಂತ ಇಲ್ಲಿರ್ತೀಯ? ನಾಳೆ ಮದುವೆಯಾಗಿ ಹೋಗೋಳು."

ಆ ನಾಳೆ ಏಳು ವರ್ಷದಿಂದ ನಾಳೆಯಾಗಿಯೇ ಉಳಿದಿತ್ತು. ಹಣ ಕೇಳಿದ ದಿನ ಇದೇ ಅಮ್ಮ ಇದೇ ಬೆನ್ನ ಮೇಲೆ ಕೈಯಿಟ್ಟು, "ಇದು ನಿನ್ನ ಮನೆಯೂ ಅಲ್ವಾ?" ಎಂದಿದ್ದಳು. ಹಣಕ್ಕೆ ಈ ಮನೆಯವಳು, ಕೋಣೆಗೆ ಬೇರೆ ಮನೆಯವಳು. ಅವಳಿಗೆ ಕಿವಿಯ ತುದಿಯವರೆಗೆ ಉರಿಯಿತು. ಆದರೂ ಹದಿನಾಲ್ಕು ಅಂಗಿಗಳ ಬಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಏಳನೇ ತರಗತಿಗೆ ಶಾಲೆ ಬಿಡಿಸಿದ ದಿನವೂ ಹಾಗೆಯೇ ಪುಸ್ತಕ ಎತ್ತಿಕೊಂಡು ಒಳಗೆ ಹೋಗಿದ್ದಳು.

ಈಗ ಅವಳು ಹೊಲಿಯುತ್ತಿದ್ದುದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿ. ಯಾರು ಆ ಕಡೆ ಈ ಕಡೆ ಹೋದರೂ ಅವಳು ಸ್ಟೂಲನ್ನು ಮುಂದಕ್ಕೆಳೆದು ದಾರಿ ಬಿಡಬೇಕು. ಒದ್ದೆ ಕಾಲಿನವರು, ಟವೆಲ್ ಸುತ್ತಿಕೊಂಡವರು, ಹಲ್ಲುಜ್ಜುತ್ತ ಬರುವ ಮಕ್ಕಳು. ದಿನಕ್ಕೆ ಎಷ್ಟು ಸಲ ಸ್ಟೂಲು ಎಳೆದೆ ಎಂದು ಒಮ್ಮೆ ಎಣಿಸಿದ್ದಳು. ನಲವತ್ತು ದಾಟಿದ ಮೇಲೆ ಎಣಿಕೆ ಬಿಟ್ಟಳು. ಮೋಡದ ದಿನ ಕಪ್ಪು ಬಟ್ಟೆಗೆ ಕಪ್ಪು ದಾರ ಹೊಲಿಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಮಸುಕಾದ ಗೆರೆಗಳನ್ನು ಮತ್ತೆ ಹಾಕಲೆಂದು ಟೇಪಿಗೆ ಕೈಚಾಚಿದಾಗ ಅವಳು ಒಂದು ಸಂಗತಿ ಗಮನಿಸಿದಳು. ಗೋಡೆಯಲ್ಲಿ ಎರಡು ಮೊಳೆಗಳಿದ್ದವು. ಯಾವಾಗಲೂ ಎಡಗಡೆಯದಕ್ಕೆ ಹೊಸ ಟೇಪು, ಬಲಗಡೆಯದಕ್ಕೆ ಹಳೆಯದು. ಹಳೆಯದರ ತುದಿಯ ಹಿತ್ತಾಳೆ ಪಟ್ಟಿ ಕಿತ್ತುಹೋಗಿ, ಬಟ್ಟೆ ನೂಲುನೂಲಾಗಿ ಬಿಚ್ಚಿಕೊಂಡಿತ್ತು. ಎಸೆಯಲು ಮನಸ್ಸಾಗದೆ ಅವಳು ಮೂರು ಇಂಚು ಕತ್ತರಿಸಿ ತೆಗೆದಿದ್ದಳು. ಅಂದರೆ ಆ ಟೇಪು ಶುರುವಾಗುವುದೇ ಮೂರರಿಂದ. ಕೊನೆಯಲ್ಲಿ ಅರವತ್ತು ಎಂದಿದ್ದರೂ ಇರುವುದು ಐವತ್ತೇಳೇ ಇಂಚು. ಲೆಕ್ಕದಲ್ಲಿ ಮೂರು ಕಳೆಯುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ.

ಆದರೆ ಈಗ ಹಳೆಯ ಟೇಪು ಎಡಗಡೆಯ ಮೊಳೆಯಲ್ಲಿತ್ತು. ಅದರ ಮೈಗೆ ಹಿತ್ತಲಿನ ಕೆಂಪು ಮಣ್ಣು ಮೆತ್ತಿತ್ತು.

ಅವಳು ಬಟ್ಟೆ ಕೆಳಗಿಟ್ಟಳು. ಮೊನ್ನೆ ಅಣ್ಣ ಹಿತ್ತಲು ಅಳೆದದ್ದು ಅವಳಿಗೆ ನೆನಪಿತ್ತು. ಮೇಸ್ತ್ರಿ ಉದ್ದದ ಸ್ಟೀಲ್ ಟೇಪು ತರುತ್ತೇನೆಂದಾಗ, "ಇಷ್ಟಕ್ಕೆ ಅದ್ಯಾಕೆ, ಮನೇಲಿ ಟೇಪಿಗೇನು ಬರವೇ?" ಎಂದು ಇವನೇ ಟೇಪು ಹಿಡಿದು ಓಡಾಡಿದ್ದ. ಮೇಸ್ತ್ರಿ ಇವನು ಕೊಟ್ಟ ಅಳತೆ ನಂಬಿ ಅಂದಾಜುಪಟ್ಟಿ ಮಾಡಿದ್ದ. ಎಂಟು ಟೇಪು ಉದ್ದ, ಅಂದರೆ ನಲವತ್ತು ಅಡಿ. ಹದಿನಾಲ್ಕು ಅಡಿ ಅಣ್ಣ ಅತ್ತಿಗೆಯರ ಕೋಣೆ, ಹನ್ನೆರಡು ಅತಿಥಿಗೆ, ಐದು ಬಚ್ಚಲಿಗೆ, ಒಂಬತ್ತು ಮೆಟ್ಟಿಲಿಗೆ. ಗೋಡೆಗಳ ದಪ್ಪವೂ ಸೇರಿ ಸರಿಯಾಗಿ ನಲವತ್ತು. "ಒಂದು ಇಂಚು ದಂಡ ಮಾಡಿಲ್ಲ," ಎಂದು ಹೇಳಿಕೊಂಡು ತಿರುಗುತ್ತಿದ್ದ.

ಅವಳು ಹೊಸ ಟೇಪು ತೆಗೆದುಕೊಂಡು, ಬಟ್ಟೆ ಒಣಹಾಕುವ ನೆವದಲ್ಲಿ ಹಿತ್ತಲಿಗೆ ಹೋದಳು. ಎರಡು ಸಲ ಅಳೆದಳು. ಎರಡು ಸಲವೂ ಮೂವತ್ತೆಂಟು ಅಡಿ.

ಆಗಲೇ ಓಡಿಹೋಗಿ ಹೇಳಬಹುದಿತ್ತು. ಹೊಸ್ತಿಲವರೆಗೆ ಬಂದದ್ದೂ ಹೌದು. ಒಳಗೆ ಅಣ್ಣ ಅಪ್ಪನಿಗೆ ಹೇಳುತ್ತಿದ್ದ: "ಅವಳಿಗೆ ನಕ್ಷೆ ತಲೆಕೆಳಗೆ ಹಿಡಿದ್ರೂ ಗೊತ್ತಾಗಲ್ಲಪ್ಪ. ಏಳನೇ ಕ್ಲಾಸು." ಅಪ್ಪ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಷ್ಟು ವ್ಯತ್ಯಾಸ ಹುಡುಕುವ ಮನುಷ್ಯ, ಮಗ ತೋರಿಸಿದ ಕಾಗದಕ್ಕೆ ಸುಮ್ಮನೆ ತಲೆಯಾಡಿಸುತ್ತಿದ್ದ.

ಅವಳು ಹೊಸ್ತಿಲಿಂದ ಹಾಗೇ ಹಿಂದಕ್ಕೆ ಹೋದಳು. ಹೇಳುವುದಿಲ್ಲ. ಕೇಳಿದರೆ ನೋಡೋಣ.

ನಾಲ್ಕು ದಿನ ಯಾರೂ ಕೇಳಲಿಲ್ಲ. ಆ ನಾಲ್ಕು ದಿನ ಮಿಷನ್ನಿನ ಪೆಡಲು ಎಂದೂ ಇಲ್ಲದಷ್ಟು ಜೋರಾಗಿ ಓಡಿತು. ಎರಡು ಸೂಜಿ ಮುರಿದವು. ಅಣ್ಣ ಅತಿಥಿಯ ಬಚ್ಚಲಿಗೆಂದು ನೀಲಿ ಟೈಲ್ಸು ಆರಿಸಿ ಮುಂಗಡ ಕೊಟ್ಟು ಬಂದ. ಮಾದರಿಯ ತುಂಡನ್ನು ಎಲ್ಲರಿಗೂ ತೋರಿಸಿದ. ಅವಳ ಕೈಗೂ ಕೊಟ್ಟ. ಅವಳು ತಿರುಗಿಸಿ ನೋಡಿ, "ಚೆನ್ನಾಗಿದೆ," ಎಂದು ವಾಪಸ್ಸು ಕೊಟ್ಟಳು. ಅದು ಅವಳು ಆಡಿದ ಮಾತುಗಳಲ್ಲೇ ಕೆಟ್ಟ ಮಾತು. ಆ ಹೊತ್ತಿಗೆ ಅವಳಿಗೆ ಅದರಿಂದ ಸುಖವಾಯಿತು.

ಐದನೇ ದಿನ ಬೆಳಿಗ್ಗೆ ಮೇಸ್ತ್ರಿ ಬಂದ. ದಾರದ ಉಂಡೆ, ಗೂಟ, ಒಂದು ಬಕೀಟು ಸುಣ್ಣದ ಪುಡಿ, ಸೊಂಟಕ್ಕೆ ಸಿಕ್ಕಿಸಿದ ಉದ್ದನೆಯ ಸ್ಟೀಲ್ ಟೇಪು. ಪಾಯದ ಗುರುತು ಹಾಕುವ ದಿನ. ಮನೆಯವರೆಲ್ಲ ಹಿತ್ತಲಿನಲ್ಲಿ ನಿಂತಿದ್ದರು. ಅವನು ಅಣ್ಣನ ಕೋಣೆಯಿಂದ ಶುರುಮಾಡಿ ಸುಣ್ಣ ಉದುರಿಸುತ್ತ ಬಂದ. ಹದಿನಾಲ್ಕು, ಹನ್ನೆರಡು, ಐದು. ಮೆಟ್ಟಿಲಿನ ಹತ್ತಿರ ಬಂದವನು ಕಾಂಪೌಂಡು ನೋಡಿದ, ಟೇಪು ನೋಡಿದ, ತಲೆ ಕೆರೆದುಕೊಂಡ.

"ಇಲ್ಲಿ ಏಳೇ ಅಡಿ ಉಳೀತಲ್ಲ ಸ್ವಾಮಿ. ಯಾವುದ್ರಲ್ಲಿ ಅಳೆದ್ರಿ?"

"ಟೇಪಲ್ಲೇ ಅಳೆದಿದ್ದು. ಇನ್ನೊಂದು ಸಲ ಹಿಡೀರಿ."

ಇನ್ನೊಂದು ಸಲ ಹಿಡಿದರು. ಅಣ್ಣನೇ ತುದಿ ಹಿಡಿದ. ಮೂವತ್ತೆಂಟು. "ಏಳು ಅಡೀಲಿ ಮೆಟ್ಟಿಲು ಆಗಲ್ಲ," ಎಂದ ಮೇಸ್ತ್ರಿ. "ಏಣಿ ಬೇಕಾದ್ರೆ ನಿಲ್ಲಿಸಬಹುದು. ನಿಮ್ಮಮ್ಮ ಹತ್ತುತ್ತಾರಾ?"

ಅಣ್ಣನ ಮುಖದ ಬಣ್ಣ ಇಳಿಯಿತು. ಕಾಗದವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹಿಡಿದು ನೋಡಿದ. ಆಮೇಲೆ ಚಿಟಿಕೆ ಹೊಡೆದ. "ಒಂದು ಕೆಲಸ ಮಾಡಿ. ಮೆಟ್ಟಿಲನ್ನ ಮಧ್ಯದಲ್ಲಿ ತಿರುಗಿಸಿ. ಕೆಳಗಡೆ ಟೊಳ್ಳು ಬಿಡಬೇಡಿ, ಕಲ್ಲು ಮಣ್ಣು ತುಂಬಿ ಭದ್ರ ಮಾಡಿಬಿಡಿ. ಆಗ ಹಿಡಿಯುತ್ತಲ್ಲ?"

"ಹಿಡಿಯುತ್ತೆ. ಕೆಳಗೆ ಏನೋ ಹೊಲಿಗೆ ಜಾಗ ಅಂತ ಬರೆದಿತ್ತು..."

"ಅದು ಬಿಡಿ. ಅವಳು ಈಗಿರೋ ಕಡೆನೇ ಇರ್ತಾಳೆ. ಅಭ್ಯಾಸ ಆಗಿದೆ ಅವಳಿಗೆ."

"ನಾನು ಇರಲ್ಲ," ಎಂದಳು ಅವಳು.

ಎಲ್ಲರೂ ತಿರುಗಿದರು. ಮೇಸ್ತ್ರಿಯಂತೂ ಈ ಹುಡುಗಿಗೆ ಮಾತು ಬರುತ್ತದೆಂದು ಅಂದೇ ತಿಳಿದವನ ಹಾಗೆ ನೋಡಿದ.

"ಎರಡು ಅಡಿ ಕಮ್ಮಿ ಇದೆ ಅಂತ ನಂಗೆ ಗೊತ್ತಿತ್ತು. ನೀನು ತಗೊಂಡಿದ್ದು ನನ್ನ ಹಳೇ ಟೇಪು. ಅದರಲ್ಲಿ ಮೂರು ಇಂಚು ಇಲ್ಲ. ಎಂಟು ಸಲ ಹಾಸಿದ್ರೆ ಎಷ್ಟಾಗುತ್ತೆ ಲೆಕ್ಕ ಹಾಕ್ಕೋ. ಏಳನೇ ಕ್ಲಾಸಿನ ಲೆಕ್ಕ ಅದು."

ಅತ್ತಿಗೆ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಣ್ಣ ಒಂದು ಹೆಜ್ಜೆ ಮುಂದೆ ಬಂದ. "ಗೊತ್ತಿತ್ತಾ? ಯಾವಾಗಿಂದ?"

"ನಾಲ್ಕು ದಿನದಿಂದ."

"ಮತ್ತೆ ಬಾಯಲ್ಲೇನು ಬೀಗ ಹಾಕ್ಕೊಂಡಿದ್ಯಾ? ಟೈಲ್ಸಿಗೆ ಮುಂಗಡ ಕೊಟ್ಟು ಬಂದೆ. ವಾಪಸ್ ಕೊಡಲ್ಲ ಅವರು."

"ಟೇಪು ತಗೊಳ್ಳುವಾಗ ಕೇಳಲಿಲ್ಲ. ನನ್ನ ಕೋಣೆ ತಗೊಳ್ಳುವಾಗಲೂ ಕೇಳಲಿಲ್ಲ. ನಾನು ಯಾಕೆ ಹೇಳ್ಬೇಕಿತ್ತು?" ಮತ್ತೆ ಅಂದಳು, "ಆ ಮುಂಗಡದಲ್ಲೂ ಮೂರರಲ್ಲಿ ಒಂದು ಪಾಲು ನಂದೇ. ಹೋಯ್ತು ಅಂದ್ಕೋತೀನಿ."

"ಸಾಕು ಕಣೇ," ಎಂದಳು ಅಮ್ಮ. "ಮೇಸ್ತ್ರಿ ಎದುರಿಗೆ..."

"ಮೇಸ್ತ್ರಿ ಎದುರಿಗೇ ಆಗ್ಬೇಕಮ್ಮ. ಒಳಗೆ ಹೋದ್ರೆ ಮತ್ತೆ ನಕ್ಷೆ ಬದಲಾಗುತ್ತೆ."

ಅವಳು ಸರಸರನೆ ಮನೆಯೊಳಗೆ ನಡೆದಳು. ಅಪ್ಪನ ಮೇಜಿನ ಡ್ರಾಯರು ಎಳೆದು, ಗಡಿಯಾರದ ಬಿಡಿ ಮುಳ್ಳುಗಳ ಡಬ್ಬಿಯ ಕೆಳಗೆ ಇಟ್ಟಿದ್ದ ಚೀಟಿಯನ್ನು ತೆಗೆದಳು. ಬ್ಯಾಂಕಿನಿಂದ ಹಣ ತೆಗೆಯಲು ಅವಳು ಹೋದ ವಾರವೇ ಸಹಿ ಹಾಕಿ ಕೊಟ್ಟಿದ್ದ ಚೀಟಿ. ಅದನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹೊಸ ಟೇಪು ಹಿಡಿದು ವಾಪಸ್ಸು ಬಂದಳು.

"ಬಟ್ಟೆ ಕಮ್ಮಿ ಬಿದ್ರೆ ನಾವು ಮೊದಲು ನಿರಿಗೆ ಬಿಡ್ತೀವಿ. ತೋಳು ಬಿಡಲ್ಲ," ಎಂದಳು, ಅಣ್ಣನಿಗಲ್ಲ, ಮೇಸ್ತ್ರಿಗೆ. "ಈ ಬಚ್ಚಲು ನಿರಿಗೆ. ಇದನ್ನ ತೆಗೀರಿ. ಹದಿನಾಲ್ಕು, ಹನ್ನೆರಡು, ಒಂಬತ್ತು. ಇನ್ನೂ ಮೂರು ಅಡಿ ಮಿಗುತ್ತೆ. ಅದನ್ನ ಬಟ್ಟೆ ಇಡೋ ಕಪಾಟಿಗೆ ಕೊಡಿ. ಖರ್ಚು ಎಷ್ಟು ಇಳಿಯುತ್ತೆ?"

ಮೇಸ್ತ್ರಿ ಬೆರಳು ಮಡಚಿದ. "ಪೈಪು, ಟೈಲ್ಸು, ನಲ್ಲಿ, ಗುಂಡಿ, ಕೂಲಿ... ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿನೇ ಇಳಿಯುತ್ತೆ. ಬಚ್ಚಲೇ ದುಬಾರಿ ಯಾವಾಗ್ಲೂ."

"ಅತಿಥಿ ಬಂದ್ರೆ?" ಎಂದ ಅಣ್ಣ.

"ನಿನ್ನ ಕೋಣೇಲಿ ಮಲಗಿಸು. ಹದಿನಾಲ್ಕು ಅಡಿ ಇದೆ."

"ನನ್ನ ಕೇಳಿದ್ರೆ," ಎಂದಳು ಅತ್ತಿಗೆ, ಯಾರೂ ಕೇಳದಿದ್ದರೂ, "ಎರಡನೇ ಬಚ್ಚಲು ಬಂದ್ರೆ ತೊಳೆಯೋಳು ನಾನೇ ತಾನೇ."

ಅಣ್ಣ ಅಪ್ಪನ ಕಡೆ ತಿರುಗಿದ. "ನೀವಾದ್ರೂ ಹೇಳಿ. ನಮ್ಮನ್ನೇ ಹೆದರಿಸ್ತಿದಾಳೆ, ಚೀಟಿ ಹಿಡ್ಕೊಂಡು."

ಅಪ್ಪ ಹಣೆಯ ಮೇಲಿದ್ದ ಭೂತಗನ್ನಡಿ ಕಳಚಿ ಅಂಗಿಯ ಅಂಚಿಗೆ ಒರೆಸುತ್ತ ನಿಂತಿದ್ದ. ಅದು ಅವನ ಅಭ್ಯಾಸ. ಅವಳಿಗೆ ಅಣ್ಣನ ಮಾತಿಗಿಂತ ಈ ಒರೆಸುವಿಕೆ ಕಂಡೇ ಹೆಚ್ಚು ಸಿಟ್ಟು ಬಂತು.

"ಅಪ್ಪ," ಎಂದಳು. "ಐದು ನಕ್ಷೆ ಬಂತು. ಐದನ್ನೂ ನಿಮಗೇ ತೋರಿಸಿದ್ರು. ನನ್ನ ಕೋಣೆ ಅಳಿಸಿದ್ದು ಆ ಗಾಜಲ್ಲಿ ಕಾಣಿಸಲಿಲ್ವಾ?"

ಒರೆಸುವ ಕೈ ನಿಂತಿತು. ಸುಣ್ಣದ ಬಕೀಟಿನ ಹತ್ತಿರ ಒಂದು ಕಾಗೆ ಬಂದು ಕೂತು, ಕೊಕ್ಕು ಹಾಕಿ, ಬೇಡವೆಂದು ಹಾರಿತು. ಅಪ್ಪ ಗಾಜನ್ನು ಜೇಬಿಗೆ ಹಾಕಿಕೊಂಡ. ನಿಧಾನವಾಗಿ ನಡೆದು ಬಂದು, ಅವಳ ಟೇಪಿನ ಹಿತ್ತಾಳೆ ತುದಿಯನ್ನು ತೆಗೆದುಕೊಂಡು, ಅಣ್ಣನ ಕೋಣೆಯ ಗೆರೆಯ ಮೇಲೆ ಕೂತು ಒತ್ತಿ ಹಿಡಿದ.

"ಎಳಿ," ಎಂದ.

ಅವಳು ಎಳೆದಳು. ಐದೈದು ಅಡಿಯಾಗಿ ಎರಡು ಸಲ, ಆಮೇಲೆ ಎರಡು ಅಡಿ. ಮೇಸ್ತ್ರಿ ಬಚ್ಚಲಿನ ಗೆರೆಯನ್ನು ಕಾಲಿನಿಂದ ಅಳಿಸಿ ಹೊಸದಾಗಿ ಸುಣ್ಣ ಉದುರಿಸಿದ. ಅಣ್ಣ ನಕ್ಷೆಯನ್ನು ಮುದುರಿ ನೆಲಕ್ಕೆ ಎಸೆದು, "ಕಟ್ಟಿಸ್ಕೊಳ್ಳಿ, ನಿಮ್ಮಿಷ್ಟ," ಎಂದು ಒಳಗೆ ಹೋದ. ಹೋಗುವ ದಾರಿ ಅವಳ ಮಿಷನ್ನಿನ ಪಕ್ಕದ್ದೇ. ಸ್ಟೂಲನ್ನು ಅವನು ಒದ್ದ ಸದ್ದು ಹಿತ್ತಲಿಗೆ ಕೇಳಿಸಿತು.

ಮೇಸ್ತ್ರಿ ಮುದುರಿದ ಕಾಗದವನ್ನು ಎತ್ತಿ, ತೊಡೆಯ ಮೇಲೆ ಸಪಾಟು ಮಾಡಿದ. ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದ. "ಅತಿಥಿ ಕೋಣೆ ಅಂತಿದೆ. ಏನಂತ ಬರೀಲಮ್ಮ?"

"ಕೊಡಿ," ಎಂದಳು ಅವಳು. ಕಾಗದ ತೆಗೆದುಕೊಂಡು, ಪೆನ್ಸಿಲ್ ಬೇಡವೆಂದು, ಅವನ ಜೇಬಿನಲ್ಲಿದ್ದ ಪೆನ್ನು ಕೇಳಿದಳು.

"ಈಗ ಸಮಾಧಾನ ಆಯ್ತಾ?" ಎಂದಳು ಅಮ್ಮ.

"ಇಲ್ಲ," ಎಂದಳು. 'ಅತಿಥಿ' ಹೊಡೆದುಹಾಕಿ, ಮೇಲೆ 'ಹೊಲಿಗೆ' ಎಂದು ಬರೆದು ಮುಗಿಸಿದಳು. ಬ್ಯಾಂಕಿನ ಚೀಟಿಯನ್ನು ಯಾರಿಗೂ ಕೊಡದೆ ತನ್ನ ರವಿಕೆಯೊಳಗೆ ಸೇರಿಸಿದಳು. "ಗೋಡೆ ಎದ್ದು, ಕಿಟಕಿ ಕೂತ ದಿನ ಕೊಡ್ತೀನಿ. ಅಲ್ಲಿವರೆಗೆ ನಿಮ್ಮ ಎರಡು ಪಾಲಲ್ಲಿ ನಡೀಲಿ."