ಬಲಗಡೆ ಮೇಲಿನ ಮೂಲೆ

ಅಂಟಿನ ವಾಸನೆ, ಹೊಸ ರಟ್ಟಿನ ವಾಸನೆ, ಎಲ್ಲೋ ಮೂಗಿಗೆ ಗೊತ್ತಿರುವುದೇ ಎಂದುಕೊಳ್ಳುತ್ತಲೇ ಅವನು ಪೆಟ್ಟಿಗೆಯ ಟೇಪು ಕಿತ್ತ, ಕಿತ್ತರೆ ಉದ್ದ ಕೂದಲಿನ ನಾಲ್ವರು ರೆಕಾರ್ಡಿನ ಕವರಿನಿಂದ ಅವನನ್ನೇ ನೋಡುತ್ತಿದ್ದಾರೆ, ನಡುವೆ ಗಿಟಾರು ಹಿಡಿದವನು ತಾನು, ಬಲತುದಿಗೆ, ಮೆಟ್ಟಿಲ ಮೇಲೆ ಎಲ್ಲರಿಗಿಂತ ಎತ್ತರಕ್ಕೆ, ತಮ್ಮ — ಡ್ರಮ್ಮು ಬಾರಿಸೋನು ಹಿಂದೇನೇ ಇರ್ಬೇಕು ಕಣಣ್ಣ, ನಾನು ಮೂಲೇಲಿ ನಿಲ್ತೀನಿ ಬಿಡು — ಅಂದವನ ನಗು ಹಾಗೇ ಇದೆ, ಒಂದಿಷ್ಟೂ ಮಾಸಿಲ್ಲ. ಇವನ್ನೂ ಯಂತ್ರಕ್ಕೆ ಹಾಕಪ್ಪ, ಮಾರದೆ ಉಳಿದಿದ್ದೆಲ್ಲ ಅಗ್ಗಕ್ಕೆ ಹೋಗುತ್ತೆ, ಬಲಗಡೆ ಮೇಲಿನ ಮೂಲೆ, ಎಲ್ಲಕ್ಕೂ ಒಂದೇ, ಎನ್ನುತ್ತಾನೆ ಗೋಡೌನಿನ ಸೂಪರ್‌ವೈಸರ್. ಕವರಿನ ಮೂಲೆ ಕತ್ತರಿಸಿದ್ದನ್ನು ಅಂಗಡಿಯವರು ಪೂರ್ತಿ ದುಡ್ಡು ಕೇಳಿ ವಾಪಸ್ಸು ಕಳಿಸುವಂತಿಲ್ಲ, ಅದಕ್ಕೇ ಈ ಯಂತ್ರ, ಅದಕ್ಕೇ ತನ್ನ ಈ ನೌಕರಿ. ಸೂಪರ್‌ವೈಸರ್ ಚಿತ್ರ ನೋಡಿದ, ಅವನನ್ನೂ ನೋಡಿದ, ಗುರುತು ಹತ್ತಲಿಲ್ಲ, ಈ ಬೋಳುತಲೆಯಲ್ಲಿ ಗುರುತು ಹತ್ತಲು ಏನು ಉಳಿದಿದೆ. ಇದು ನಂದು ಸಾರ್ ಅನ್ನಬಹುದು, ಎಡಗಡೆ ಕತ್ತರಿಸ್ಲಾ ಅನ್ನಬಹುದು, ನಾಲಿಗೆ ಏಳುತ್ತಿಲ್ಲ — ಅಂದೂ ಎದ್ದಿರಲಿಲ್ಲ, ರೆಕಾರ್ಡು ಕಂಪನಿಯ ದೊಡ್ಡವರು ಬ್ಲೂಸು, ರಾಕು, ಈ ಅಬ್ಬರ ಎಲ್ಲ ಯಾರಿಗೆ ಬೇಕ್ರೀ ಈಗ, ಗಿಟಾರು ಅಳೋದು ಕೇಳಿ ಜನಕ್ಕೆ ಸಾಕಾಗಿದೆ, ಕುಣಿಯೋಕೆ ಏನಾದ್ರೂ ಕೊಡಿ, ಡ್ರಮ್ಮಿಗೂ ಮೆಷಿನ್ ಬಂದಿದೆ ಅಂದಾಗ, ಮೆಷಿನ್ನಿಗೆ ಬೆವರು ಬರುತ್ತಾ ಸಾರ್ ಎಂದು ಕೇಳಿದವನು ತಮ್ಮನೇ, ಎಲ್ಲರೂ ನಕ್ಕರು, ರೆಕಾರ್ಡು ಬಂತು, ಬಂದದ್ದು ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ಆಸ್ಪತ್ರೆ, ಮಂಚದ ಕಂಬಿಯ ಮೇಲೆ ತಮ್ಮನ ಎರಡು ಬೆರಳು, ಮೂರನೇ ಹಾಡಿನ ಅದೇ ನಿಧಾನದ ಪೆಟ್ಟು, ಟಕ್, ಟಕ್‌ಟಕ್, ಅಣ್ಣಾ ನಮ್ ರೆಕಾರ್ಡು ಖರ್ಚಾಯ್ತಾ, ಆಯ್ತು ಕಣೋ, ಗೋಡೌನಲ್ಲಿ ಒಂದೂ ಉಳಿದಿಲ್ವಂತೆ, ಹಸಿ ಹಸಿ ಸುಳ್ಳು, ಅದನ್ನೇ ನಂಬಿ ಕಣ್ಣು ಮುಚ್ಚಿದನಲ್ಲ, ಉಳಿದದ್ದೆಲ್ಲ ಪೆಟ್ಟಿಗೆ ಪೆಟ್ಟಿಗೆಯಾಗಿ ಈಗ ತನ್ನೆದುರಿಗೇ ಬಂದು ಕೂತಿದೆ — ಏನಯ್ಯಾ ನಿದ್ದೆನಾ, ಇಲ್ಲ ಸಾರ್, ಕೈ ಯಂತ್ರದ ಹಿಡಿ ಒತ್ತಿತು, ಟಕ್, ಕೈಗೇನು ಗೊತ್ತು, ಅದಕ್ಕೆ ರೂಢಿ, ಒಂದನ್ನಾದರೂ ಎತ್ತಿಡು, ಮನೆಯಲ್ಲಿದ್ದ ಒಂದನ್ನು ತಮ್ಮನ ಎದೆಯ ಮೇಲಿಟ್ಟೇ ಕಳಿಸಿದ್ದಲ್ಲವೇ, ಎತ್ತಿಡು, ಟಕ್‌ಟಕ್, ಅಯ್ಯೋ, ಇದು ಅವನದೇ ಪೆಟ್ಟು, ನಿಲ್ಲಿಸಬೇಕು, ನಿಲ್ಲುತ್ತಿಲ್ಲ, ಟಕ್, ಕಾಲ ಬಳಿ ಬುಟ್ಟಿ, ಬುಟ್ಟಿಯಲ್ಲಿ ತ್ರಿಕೋನದ ಚೂರು, ಚೂರಿನಲ್ಲಿ ತಮ್ಮನ ನಗು, ಟಕ್, ಇನ್ನೊಂದು ಚೂರು, ಅದರಲ್ಲೂ ನಗು, ಟಕ್, ನಗು