ತವರಿನ ತೊಟ್ಟಿ

ಗಿರಿಯಮ್ಮ ಪ್ಲಾಸ್ಟಿಕ್ ಮಗ್ಗಿನಲ್ಲಿ ಕೆಳಗಿನ ಗಾಜಿನ ತೊಟ್ಟಿಯಿಂದ ನೀರೆತ್ತಿ ಮೇಲಿನ ತೊಟ್ಟಿಗೆ ಸುರಿಯುತ್ತಿದ್ದಳು. ಹೊರಗೆ ಜಗಲಿಯ ಮೇಲೆ ಗಂಡನ ಹೆಣವಿತ್ತು. ಕರೆಂಟು ಹೋಗಿ ಬಹಳ ಹೊತ್ತಾಗಿತ್ತು.

"ಲೇ ಗಿರಿಯಮ್ಮ, ಗಂಡನ್ನ ಹೊರಗೆ ಮಲಗಿಸ್ಬುಟ್ಟು ಮೀನಿಗೆ ನೀರು ಹುಯ್ತಾ ಕೂತಿದ್ದೀಯಲ್ಲೇ!"

ಬಾಗಿಲಲ್ಲಿ ನಿಂತಿದ್ದವಳು ಭೀಮಕ್ಕ, ಸತ್ತವನ ಅಕ್ಕ. ಬೆಳಗಿನಿಂದ ಅತ್ತು ಅವಳ ಗಂಟಲು ಕಟ್ಟಿತ್ತು.

"ಕರೆಂಟಿಲ್ಲ ಕಣಕ್ಕ. ನೀರು ಆಡ್ದೇ ಹೋದ್ರೆ ಇದು ಸತ್ತೋಯ್ತದೆ."

"ಸತ್ತೋದೋನು ಹೊರಗವ್ನೆ. ಬಾ ಅತ್ಲಾಗೆ."

ಗಿರಿಯಮ್ಮ ಇನ್ನೊಂದು ಮಗ್ಗು ಸುರಿದಳು. ಮೇಲಿನ ತೊಟ್ಟಿ ತುಂಬಿ, ಅಂಚಿನ ಕೊಳವೆಯಿಂದ ನೀರು ಸಣ್ಣಗೆ ಕೆಳಗಿನ ತೊಟ್ಟಿಗೆ ಇಳಿಯಿತು. ಆ ಸದ್ದಿಗೆ ಮೂಲೆಯ ಕಲ್ಲಿನ ಸಂದಿನಿಂದ ಮೀನು ಹೊರಬಂದು ಕೊಳವೆಯ ಬಾಯಿಯ ಕೆಳಗೆ ನಿಂತಿತು. ಹಳದಿ ಮೈ, ಮೇಲೆ ಕಪ್ಪು ಪಟ್ಟೆ.

ಓಬಳಪ್ಪ ಪಾವಗಡದ ಲಾರಿ ಡ್ರೈವರ್. ಇಲ್ಲಿಂದ ಹುಣಸೆಹಣ್ಣು ಹೇರಿಕೊಂಡು ಮಂಗಳೂರಿಗೆ ಹೋಗುವನು, ಅಲ್ಲಿಂದ ಹಂಚು ತುಂಬಿಕೊಂಡು ಬರುವನು. ಹಂಚಿನ ಜೊತೆ ಎರಡು ಕ್ಯಾನು ಕಡಲ ನೀರು. ಈ ಸಲ ಸಕಲೇಶಪುರದಲ್ಲಿ ಲಾರಿ ನಿಲ್ಲಿಸಿ, ಎದೆ ಹಿಡಿದಂತಾಗುತ್ತದೆ ಎಂದು ಕ್ಯಾಬಿನ್ನಿನಲ್ಲಿ ಮಲಗಿದವನು ಏಳಲಿಲ್ಲ. ಕಡಲು ಮುಟ್ಟುವ ಮೊದಲೇ ಲಾರಿ ತಿರುಗಿತು. ಖಾಲಿ ಕ್ಯಾನುಗಳೂ ಅವನ ಜೊತೆಗೇ ವಾಪಸ್ಸು ಬಂದಿದ್ದವು.

*

ಮದುವೆಯಾದ ಹೊಸದರಲ್ಲಿ ಗಿರಿಯಮ್ಮ ಒಂದೇ ಒಂದು ಸಲ ಕೇಳಿದ್ದಳು: "ಸಮುದ್ರ ಹೆಂಗಿರ್ತದೆ?"

"ಕರ್ಕೊಂಡು ಹೋಯ್ತೀನಿ ಬುಡು" ಎಂದಿದ್ದ. ಹೆಂಗಸರನ್ನು ಕೂರಿಸಿಕೊಂಡು ಹೋಗಲು ಲಾರಿ ಮಾಲೀಕ ಬಿಡಲಿಲ್ಲ. ಬಸ್ಸಿನಲ್ಲಿ ಹೋಗುವ ದಿನ ಬರಲೇ ಇಲ್ಲ. ಹಲವು ವರ್ಷ ಕಳೆದ ಮೇಲೆ ಒಂದು ದಿನ ಸಿರಾದ ಸಾಬರ ಅಂಗಡಿಯಲ್ಲಿ ಗಾಜು ಕೊಯ್ಯಿಸಿ, ಅಂಟಿಸಿ, ತೊಟ್ಟಿ ತಂದು ಒಳಕೋಣೆಯ ಬೆಂಚಿನ ಮೇಲಿಟ್ಟ. ಕ್ಯಾನಿನ ನೀರು ತುಂಬಿದ. "ನೀನು ಅಲ್ಲಿಗೆ ಬರ್ಲಿಲ್ವಲ್ಲ, ಅದೇ ಬಂದದೆ" ಎಂದ. ಅವಳು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು ಮುಖ ಹಿಂಡಿದಳು.

ಮೊದಲು ತಂದ ಮೀನುಗಳೆಲ್ಲ ಸತ್ತವು. ನೀರು ನೊರೆಗಟ್ಟಿ ನಾರುತ್ತಿತ್ತು. ಸತ್ತದ್ದನ್ನು ಎತ್ತಿ ಹಿತ್ತಿಲಲ್ಲಿ ಹೂಳುತ್ತಿದ್ದವಳು ಗಿರಿಯಮ್ಮ. ಓಬಳಪ್ಪ ಊರಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು.

"ಇನ್ನು ತರಬ್ಯಾಡ. ಪಾಪ ಸುತ್ಕೊಂತದೆ" ಎಂದಳು ಒಂದು ದಿನ.

ಮುಂದಿನ ಸಲ ಅವನು ಮೀನು ತರಲಿಲ್ಲ. ಪಾಚಿ ಮೆತ್ತಿದ ಕಲ್ಲು, ಒಂದಷ್ಟು ಮರಳು, ಹಸಿರು ಕಡಲಸೊಪ್ಪು ತಂದ. ಸಣ್ಣದೊಂದು ತೊಟ್ಟಿ ಮಾಡಿಸಿ ದೊಡ್ಡದರ ಮೇಲಿನ ಹಲಗೆಯಲ್ಲಿಟ್ಟು ಅವನ್ನೆಲ್ಲ ಅದಕ್ಕೆ ಹಾಕಿದ. ಬೆಂಗಳೂರಿನಿಂದ ಗಾಳಿ ಊದುವ ಪುಟ್ಟ ಮೋಟರು ಬಂತು. ಗಾಳಿಯ ಗುಳ್ಳೆಗಳು ಕೆಳಗಿನ ನೀರನ್ನು ನಳಿಗೆಯಲ್ಲಿ ಮೇಲಕ್ಕೆತ್ತುತ್ತಿದ್ದವು. ಮೇಲಿನದು ತುಂಬಿ ಕೊಳವೆಯಲ್ಲಿ ತಿರುಗಿ ಕೆಳಗಿಳಿಯುತ್ತಿತ್ತು.

"ಮೇಲೆ ಮೀನು ಬುಡಲ್ವಾ?"

"ಬುಟ್ರೆ ಕೆಟ್ಟೋಯ್ತದೆ ಕಣೆ. ಕಡಲ ದಂಡೇಲಿ ಬಂಡೆ ಮ್ಯಾಲಿನ ಗುಂಡೀಲಿ ನೋಡ್ದೆ, ದೊಡ್ಡ ಮೀನು ಹತ್ತಕ್ಕಾಗ್ದಿರೋ ಕಡೆ ಸಣ್ಣ ಹುಳ, ಸೀಗಡಿ ಮರಿ ಎಲ್ಲ ಬದುಕ್ಕೊಂಡವೆ. ಅಲೆ ಬಂದಾಗ ಒಂದಷ್ಟು ಕೆಳಕ್ಕೆ ಬೀಳ್ತವೆ, ಕೆಳಗಿನೋರು ತಿಂತವೆ. ಕೆಳಗಿನ ಕೊಳೆ ಮ್ಯಾಲಕ್ಕೆ ಹೋದ್ರೆ ಸೊಪ್ಪು ಹೀರ್ಕಂತದೆ."

ಗಿರಿಯಮ್ಮ ಸೊಪ್ಪಿನ ಎಳೆಗಳಲ್ಲಿ ಓಡಾಡುವ ಚುಕ್ಕೆಗಳನ್ನು ನೋಡಿದಳು. ಸಾಸಿವೆಗಿಂತ ಸಣ್ಣವು.

"ತವರುಮನೆ ಇದ್ದಂಗೆ" ಎಂದಳು.

"ಹೂಂ. ಕೆಳಗಿನೋರಿಗೆ ಬುತ್ತಿ ಬರೋದು ಮ್ಯಾಲಿಂದ್ಲೇ" ಎಂದು ನಕ್ಕ.

ಅಂದಿನಿಂದ ಅದು ತವರಿನ ತೊಟ್ಟಿ. ಅದಾದ ಮೇಲೆ ತಂದ ಮೀನು ಸಾಯಲಿಲ್ಲ. ಲಾರಿಯ ಬಂಪರಿನ ಬಣ್ಣದ್ದು ಎಂದೇ ಅದನ್ನು ಆರಿಸಿ ತಂದಿದ್ದ. ಅವನು ದಾರಿಯಲ್ಲಿರುವಾಗ ಮಾಡಬೇಕಾದ್ದನ್ನೆಲ್ಲ ಹೇಳಿಕೊಟ್ಟಿದ್ದ. ಕೆಳಗಿನ ಗಾಜಿನ ಮೇಲಿನ ಕೆಂಪು ಬಣ್ಣದ ಗೆರೆಗಿಂತ ನೀರು ಇಳಿದರೆ, ಗೆರೆ ಮುಟ್ಟುವಷ್ಟೇ ಮಳೆನೀರು; ಹೆಚ್ಚಾದರೆ ಉಪ್ಪು ಕಡಿಮೆಯಾಗಿ ಮೀನು ಸಾಯುತ್ತದೆ. ಹಿತ್ತಾಳೆ, ತಾಮ್ರ ಹತ್ತಿರ ತರಕೂಡದು, ಮೀನಿಗೆ ವಿಷ. ಅನುಮಾನ ಬಂದರೆ ಒಂದು ಹನಿ ನಾಲಿಗೆಗೆ.

*

ಮಧ್ಯಾಹ್ನಕ್ಕೆ ತವರೂರು ಹುಲಿಕುಂಟೆಯಿಂದ ಗಿರಿಯಮ್ಮನ ಅಣ್ಣ ಜುಂಜಪ್ಪ, ಅತ್ತಿಗೆ ಕ್ಯಾತಮ್ಮ ಬಂದರು. ಕುರಿ ಬಿಟ್ಟು ಎಲ್ಲೂ ಕದಲದ ಅಣ್ಣ ಕಂಬಳಿ ಹೆಗಲಲ್ಲೇ ಬಸ್ಸಿಳಿದಿದ್ದ. ಗಂಡ ಸತ್ತ ಹೆಣ್ಣಿಗೆ ತವರಿನವರು ತರುವ ಸೀರೆ ಕ್ಯಾತಮ್ಮನ ಕಂಕುಳಲ್ಲಿತ್ತು.

ಜಗಲಿಯ ಕೆಳಗೆ ಗಂಡಸರು ಬೀಡಿ ಸೇದುತ್ತ ಕೂತಿದ್ದರು.

"ಓಬಳಪ್ಪ ಒಂದಿನ ಕುಡ್ದೋನಲ್ಲ, ಇಸ್ಪೀಟು ಮುಟ್ದೋನಲ್ಲ" ಎಂದ ಒಬ್ಬ.

"ಉಪ್ಪು ನೀರಿನ ಹುಚ್ಚು ಇತ್ತಲ್ಲಪ್ಪ, ಇನ್ನೇನು ಬೇಕು? ಕುಡಿಯೋ ನೀರಿಗೆ ನಾವು ಕೊಡ ಹಿಡ್ಕೊಂಡು ಕ್ಯೂ ನಿಂತ್ರೆ, ಇವ್ನು ಕುಡಿಯಕ್ಕಾಗದ ನೀರ ಹೊತ್ಕೊಂಡು ಬರೋನು."

ಯಾರೋ ನಕ್ಕು, ಹೆಣದ ಕಡೆ ನೋಡಿ ಕೆಮ್ಮಿದರು.

ಹೆಣ ಎತ್ತುವ ಹೊತ್ತಾಯಿತು. ಮಣ್ಣಿಗೆ ಹೋದವರು ತಿರುಗಿ ಬರುವಷ್ಟರಲ್ಲಿ ಮನೆಯಲ್ಲಿ ಕೂಡಿಟ್ಟ ನೀರೆಲ್ಲ ಚೆಲ್ಲಿ, ಮನೆ ತೊಳೆದು, ಹೊಸ ನೀರು ತುಂಬಿ, ದೀಪ ಹಚ್ಚಿಟ್ಟಿರಬೇಕು. ಹಳೆಯ ನೀರಿನಲ್ಲಿ ಸಾವು ಮುಖ ತೊಳೆದಿರುತ್ತದೆ ಎನ್ನುತ್ತಾರೆ. ಆ ಕೆಲಸಕ್ಕೆ ಕ್ಯಾತಮ್ಮ ನಿಂತಳು. ಗಿರಿಯಮ್ಮ ಅವಳ ಕೈ ಹಿಡಿದುಕೊಂಡಳು.

"ಅತ್ತಿಗೆ, ಮೀನಿರೋ ನೀರು ಮಾತ್ರ ಚೆಲ್ಬ್ಯಾಡ. ನಿನ್ ಕಾಲಿಗೆ ಬೀಳ್ತೀನಿ."

"ಅಯ್ಯೋ ಹುಚ್ಚಿ, ಜೀವ ಇರೋ ನೀರು ಚೆಲ್ತೀನಾ? ಹೋಗು. ನಾನು ನೋಡ್ಕಂತೀನಿ."

ಭೀಮಕ್ಕ ಹಿಂದಿನಿಂದ ಗೊಣಗಿದಳು: "ಸೂತಕದ ನೀರು ಮನೇಲಿ ಉಳಿಸ್ಕಂಡೋರ್ನ ಇವತ್ತೇ ನೋಡಿದ್ದು."

"ಅವನು ಸಾಕಿದ್ದು ಕಣಕ್ಕ" ಎಂದಳು ಗಿರಿಯಮ್ಮ.

*

ಹೆಣವನ್ನು ಗುಣಿಯೊಳಗೆ ಇಳಿಸಿದ ಮೇಲೆ ಮೂಟೆ ಬಿಚ್ಚಿ ಉಪ್ಪು ಸುರಿದರು. ಹರಳುಪ್ಪು ಓಬಳಪ್ಪನ ಎದೆಯ ಮೇಲೆ, ಸ್ಟೇರಿಂಗ್ ಹಿಡಿದು ಕಾಯಿಗಟ್ಟಿದ ಅಂಗೈಗಳ ಮೇಲೆ ಬಿತ್ತು. ಅಂಗಡಿ ಉಪ್ಪು ಕರಗಿಸಿ ತೊಟ್ಟಿಗೆ ಹಾಕಿದರಾಗದೆ ಎಂದು ಅವಳು ಕೇಳಿದಾಗ, "ಉಪ್ಪು ಬ್ಯಾರೆ, ಕಡಲು ಬ್ಯಾರೆ ಕಣೆ" ಎಂದಿದ್ದ. ಗಿರಿಯಮ್ಮ ಮೂರು ಹಿಡಿ ಮಣ್ಣು ಹಾಕಿದಳು. ಕರೆಂಟು ಬಂದಿರಬಹುದೇ ಎಂಬ ಯೋಚನೆ ಆಗಲೂ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು.

ಜುಂಜಪ್ಪನ ಹಿಂದೆ ನಡೆದು ಮನೆ ತಲುಪಿದಾಗ ಬಿಸಿಲು ಇಳಿದಿತ್ತು. ಹಿತ್ತಿಲಲ್ಲೇ ತಲೆಯ ಮೇಲೆ ನೀರು ಹುಯ್ದರು. ತವರಿನ ಸೀರೆ ಉಟ್ಟು ಒಳಗೆ ಬಂದು, ಜಗಲಿಯ ಮೇಲೆ ಅವನ ತಲೆಯಿದ್ದ ಜಾಗದಲ್ಲಿ ಉರಿಯುತ್ತಿದ್ದ ದೀಪ ನೋಡಿದಳು. ನೆಲ ಒದ್ದೆಯಾಗಿತ್ತು. ಹಂಡೆ, ಕೊಡ, ಬಿಂದಿಗೆ ಎಲ್ಲ ಹೊಸ ನೀರಿನಿಂದ ತುಂಬಿದ್ದವು.

ಆಗ ಕರೆಂಟು ಬಂತು. ಒಳಕೋಣೆಯಲ್ಲಿ ಮೋಟರು ಗುಂಯ್ ಎಂದಿತು, ನೀರು ಇಳಿಯುವ ಸದ್ದು ಕೇಳಿತು. ಬೆಳಗಿನಿಂದ ಮೊದಲ ಸಲ ಗಿರಿಯಮ್ಮನ ಭುಜ ಸಡಿಲವಾಯಿತು. ಒಳಗೆ ಹೋದಳು.

ಮೇಲಿನ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಗಾಜಿನಾಚೆ ಗೋಡೆಯ ಸುಣ್ಣ ಕಾಣುತ್ತಿತ್ತು. ಸೊಪ್ಪಿಲ್ಲ, ಮರಳಿಲ್ಲ, ಕಲ್ಲಿಲ್ಲ. ಕೆಳಗಿನ ತೊಟ್ಟಿಯ ನೀರು, ಕೊಳವೆಯಿಂದ ಇಳಿದದ್ದೂ ಸೇರಿ, ಕೆಂಪು ಗೆರೆಯನ್ನು ಮುಳುಗಿಸಿ ಅಂಚಿನವರೆಗೆ ಏರಿತ್ತು.

ಅವಳು ಮೋಟರಿನ ವೈರು ಕಿತ್ತಳು.

"ಮೀನಿರೋದು ಮುಟ್ಲಿಲ್ಲ ಕಣವ್ವ" ಎನ್ನುತ್ತ ಕ್ಯಾತಮ್ಮ ಹಿಂದೆಯೇ ಬಂದಳು, ಕೈಯಲ್ಲಿ ಹಿತ್ತಾಳೆ ಬಿಂದಿಗೆ. "ಮ್ಯಾಲಿಂದು ಬರೀ ಪಾಚಿ ಕಟ್ಟಿ ಹುಳ ಬಿದ್ದಿತ್ತು. ಅದೊಂದು ಚೆಲ್ಲಿ, ಉಜ್ಜಿ, ಬೋರಿನ ನೀರು ತುಂಬ್ದೆ. ಎಷ್ಟು ಹುಯ್ದ್ರೂ ಹಿಡೀತಾನೇ ಇತ್ತು ನೋಡು. ಐದು ಬಿಂದಿಗೆ ಹುಯ್ದೆ."

"ಎಲ್ಲಿ ಚೆಲ್ದೆ?"

"ತಿಪ್ಪೆ ಮ್ಯಾಲೆ. ಯಾಕವ್ವ?"

ಗಿರಿಯಮ್ಮ ಹಿತ್ತಿಲಿಗೆ ಓಡಿದಳು. ತಿಪ್ಪೆಯ ಮೇಲೆ ಸೊಪ್ಪು ಬಿಸಿಲಿಗೆ ಕಪ್ಪಾಗಿ ಮುದುಡಿತ್ತು. ಕೋಳಿಗಳು ಅದನ್ನು ಕೆದರಿ ಒಂದೊಂದೇ ಚುಕ್ಕೆ ಹೆಕ್ಕುತ್ತಿದ್ದವು. ಅವಳು ಕೋಳಿಗಳನ್ನು ಅಟ್ಟಿ, ಮಣ್ಣು ಹತ್ತಿದ್ದ ಎಳೆಗಳನ್ನು ಹೊಸ ಸೀರೆಯ ಮಡಿಲಿಗೆ ತುಂಬಿಕೊಂಡಳು. ತಂದು ಎಲ್ಲಿ ಹಾಕುವುದೆಂದು ತಿಳಿಯದೆ ಕೋಣೆಯ ಮಧ್ಯೆ ನಿಂತಳು. ಗೋಡೆಗೆ ಒರಗಿಸಿದ್ದ ಕ್ಯಾನುಗಳನ್ನು ಎತ್ತಿ ಅಲುಗಿಸಿದಳು. ಎರಡೂ ಹಗುರವಾಗಿದ್ದವು.

ಕೆಳಗಿನ ತೊಟ್ಟಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಸಪ್ಪೆ.

"ಏನಾಯ್ತು ಗಿರಿ? ಹೇಳ್ಬಾರ್ದಾ?" ಕ್ಯಾತಮ್ಮ ಬಿಂದಿಗೆ ಕೆಳಗಿಟ್ಟಳು. "ನಿನ್ ಮನೆ ಚೆಂದಾಗಿರ್ಲಿ ಅಂತ ಮಾಡ್ದೆ ಕಣವ್ವ."

"ಗೊತ್ತು ಅತ್ತಿಗೆ" ಎಂದಳು ಗಿರಿಯಮ್ಮ.

ಬಾಗಿಲಿಗೆ ಬಂದ ಭೀಮಕ್ಕ ಒಳಗಿದ್ದವರ ಮುಖ ನೋಡಿ ಅಲ್ಲೇ ನಿಂತಳು.

ಮೀನು ಮೂಲೆಯಿಂದ ಹೊರಟಿತು. ಒಂದು ಮಗ್ಗುಲಿಗೆ ವಾಲಿ, ಸಾವರಿಸಿಕೊಂಡು, ಮತ್ತೆ ವಾಲಿ, ಎಂದಿನ ಜಾಗಕ್ಕೆ ಬಂದು ಕೊಳವೆಯ ಕೆಳಗೆ ನಿಂತಿತು. ಕೊಳವೆಯಲ್ಲಿ ಉಳಿದಿದ್ದ ನೀರು ತೊಟ್ಟಿಕ್ಕುತ್ತಿತ್ತು. ಪ್ರತಿ ಹನಿಗೂ ಅದು ಬಾಯಿ ತೆರೆಯುತ್ತಿತ್ತು.